ಎಣಿಸಿದ ಪರಮಾಣು, ಅಳೆದ ನೀರು

ನಮ್ಮ ಮನೆಗಳಲ್ಲಿ ಬೆಳ್ಳಿಯ ಕರಡಿಗೆ ಚಿರಪರಿಚಿತವಾದ ವಸ್ತು. ಅಜ್ಜನ ಕೊರಳಿನಿಂದ ಮೊಮ್ಮಗನ ಕೊರಳಿಗೆ ಬಂದ ಕರಡಿಗೆಗಳು ಎಷ್ಟೋ ಮನೆತನಗಳಲ್ಲಿ ಇಂದಿಗೂ ಇವೆ. ದಿನ ಕಳೆದಂತೆ ಅದು ಕಪ್ಪಾಗುತ್ತದೆ. ಹಬ್ಬದ ಮುನ್ನಾದಿನ ತಾಯಂದಿರು ಒಂದು ಚಿಟಿಕೆ ವಿಭೂತಿ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜುತ್ತಾರೆ. ಬೆಳ್ಳಿ ಮತ್ತೆ ಬೆಳಗುತ್ತದೆ. ಬಟ್ಟೆಗೆ ಹತ್ತಿದ ಆ ಕಪ್ಪು ಬರಿಯ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಬೆಳ್ಳಿಯು ಕೂಡಿ ಆದ ಸಂಯುಕ್ತವದು. ಅಂದರೆ ಪ್ರತಿ ಬಾರಿ ಉಜ್ಜುವಾಗಲೂ ಕಣ್ಣಿಗೆ ಕಾಣದಷ್ಟು ಬೆಳ್ಳಿ ಕರಡಿಗೆಯನ್ನು ಬಿಟ್ಟು ಹೋಗುತ್ತದೆ. ನೂರು ವರ್ಷ ಉಜ್ಜಿದರೂ ಕರಡಿಗೆ ಸವೆಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಏಕೆಂದರೆ ಒಂದು ಗ್ರಾಂ ಬೆಳ್ಳಿಯಲ್ಲಿಯೇ ಸುಮಾರು ಐದೂವರೆ ಕೋಟಿ ಕೋಟಿ ಕೋಟಿ ಪರಮಾಣುಗಳಿವೆ.

ಈ ಅಪಾರ ರಾಶಿಯಿಂದ ಇಪ್ಪತ್ತೈದೇ ಪರಮಾಣುಗಳನ್ನು ಎಣಿಸಿ ಬೇರೆ ತೆಗೆದರೆ ಅದು ಬೆಳ್ಳಿಯಾಗಿ ಉಳಿಯುವುದೇ? ಹೊಳೆಯುವುದೇ? ವಿದ್ಯುತ್ತನ್ನು ಹರಿಯಬಿಡುವುದೇ? ಈ ಪ್ರಶ್ನೆ ಹೊರನೋಟಕ್ಕೆ ತರ್ಕಶಾಸ್ತ್ರದ ವಿನೋದದಂತೆ ತೋರಬಹುದು. ಆದರೆ ಇಂತಹ ಪ್ರಶ್ನೆಯ ಬೆನ್ನು ಹಿಡಿದ ರಸಾಯನಶಾಸ್ತ್ರಜ್ಞರೊಬ್ಬರ ಸಾಧನೆಯು ಬಂಗಾಳದ ಹಳ್ಳಿಗಳ ಕುಡಿಯುವ ನೀರಿನವರೆಗೆ ಹರಿದುಬಂದಿದೆ. ಅವರೇ ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಡಾ. ತಲಪ್ಪಿಲ್ ಪ್ರದೀಪ್ ಅವರು. ಅವರ ವಿದ್ಯಾಜೀವನದ ಒಂದು ಮುಖ್ಯ ಘಟ್ಟ ನಮ್ಮ ಬೆಂಗಳೂರಿನಲ್ಲಿಯೇ ಕಳೆದಿದೆ ಎಂಬುದು ನಮಗೆ ಇನ್ನೊಂದು ಸಂತೋಷ.

ಬರಿಗಾಲಿನ ದಾರಿ

ಕೇರಳದ ಮಲಪ್ಪುರಂ ಜಿಲ್ಲೆಯ ಪಂತಾವೂರು ಎಂಬ ಗ್ರಾಮದಲ್ಲಿ 1963ರಲ್ಲಿ ಪ್ರದೀಪ್ ಅವರ ಜನನವಾಯಿತು. ತಂದೆ ತಾಯಿ ಇಬ್ಬರೂ ಶಾಲಾ ಶಿಕ್ಷಕರು. ತಂದೆಯವರು ಮಲಯಾಳದಲ್ಲಿ ಗ್ರಂಥಗಳನ್ನು ರಚಿಸಿದವರು. ಆ ಊರಿನ ಇತರ ಮಕ್ಕಳಂತೆ ಈ ಬಾಲಕನೂ ನಾಲ್ಕು ಕಿಲೋಮೀಟರು ದೂರದ ಶಾಲೆಗೆ ಬಹುಪಾಲು ಬರಿಗಾಲಿನಲ್ಲಿಯೇ ನಡೆದು ಹೋಗುತ್ತಿದ್ದನು. ಅವರು ಹೆಚ್ಚು ಕಾಲ ಓದಿದ್ದು ಮೂಕ್ಕುತಲದ ಸರ್ಕಾರಿ ಶಾಲೆಯಲ್ಲಿ. ಆ ಶಾಲೆಯನ್ನು ಕಟ್ಟಿಸಿದ ಚಿತ್ರನ್ ನಂಬೂದಿರಿಪಾಡರೆಂಬ ಮಹನೀಯರು ಅದನ್ನು ಒಂದು ರೂಪಾಯಿಯ ಸಾಂಕೇತಿಕ ಬೆಲೆಗೆ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದ ಸಾವಿರಾರು ಮಕ್ಕಳ ಕಥೆಯನ್ನು ಬಲ್ಲ ನಮಗೆ ಈ ಒಂದು ರೂಪಾಯಿಯ ಮೌಲ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾದಾನದ ಬೀಜ ಎಲ್ಲಿ ಮೊಳೆಯುವುದೋ, ಯಾರ ಮನೆಗೆ ನೆರಳಾಗುವುದೋ, ಬಿತ್ತಿದವನಿಗೆ ತಿಳಿಯುವುದಿಲ್ಲ.

ಪೊನ್ನಾನಿ, ತ್ರಿಶ್ಶೂರು, ಕೋಳಿಕ್ಕೋಡುಗಳಲ್ಲಿ ಕಾಲೇಜು ವಿದ್ಯಾಭ್ಯಾಸವನ್ನು ಪೂರೈಸಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಪ್ರೊಫೆಸರ್ ಸಿ. ಎನ್. ಆರ್. ರಾವ್ ಹಾಗೂ ಪ್ರೊಫೆಸರ್ ಎಂ. ಎಸ್. ಹೆಗಡೆ ಅವರು. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದು, ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಜಗದ್ವಿಖ್ಯಾತರಾಗಿ, 2014ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಸ್ವೀಕರಿಸಿದ ರಾವ್ ಅವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. 1991ರಲ್ಲಿ ಪ್ರದೀಪ್ ಅವರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಬಳಿಕ ಅಮೆರಿಕೆಯ ಬರ್ಕ್ಲಿಯಲ್ಲಿಯೂ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿಯೂ ಸಂಶೋಧನೆ ನಡೆಸಿ, 1993ರಲ್ಲಿ ಸ್ವದೇಶಕ್ಕೆ ಮರಳಿ ಮದ್ರಾಸಿನ ಸಂಸ್ಥೆಯನ್ನು ಸೇರಿದರು. ಅಂದಿನಿಂದ ಅದೇ ಅವರ ಕಾಯಕಕ್ಷೇತ್ರ.

ಪರ್ಡ್ಯೂನಲ್ಲಿ ಅವರು ಪಳಗಿದ ವಿದ್ಯೆಯೊಂದು ಮುಂದೆ ಬಹಳ ಉಪಕಾರಿಯಾಯಿತು. ಅಣುಗಳಿಗೆ ವಿದ್ಯುದಂಶವನ್ನು ತುಂಬಿ ನಿರ್ವಾತದಲ್ಲಿ ಹಾರಿಸಿ, ಅವುಗಳ ಚಲನೆಯಿಂದ ತೂಕವನ್ನು ಕಂಡುಹಿಡಿಯುವ ವಿದ್ಯೆಯದು. ಇದಕ್ಕೆ ಬಳಸುವ ಯಂತ್ರಕ್ಕೆ ದ್ರವ್ಯರಾಶಿ ರೋಹಿತಮಾಪಕವೆಂದು ಹೆಸರು. ಅಕ್ಕಸಾಲಿಗನ ತಕ್ಕಡಿ ಗುಂಜಿಯ ತೂಕವನ್ನು ತೋರಿಸಿದರೆ ಈ ತಕ್ಕಡಿಯು ಒಂದೊಂದು ಪರಮಾಣುವಿನ ವ್ಯತ್ಯಾಸವನ್ನು ತೋರಿಸುತ್ತದೆ. ಗುಂಪಿನಲ್ಲಿ ಇಪ್ಪತ್ತನಾಲ್ಕಿವೆಯೋ ಇಪ್ಪತ್ತೈದಿವೆಯೋ ಎಂಬುದನ್ನು ತೂಗಿಯೇ ನಿರ್ಣಯಿಸಬಹುದು.

ಲೋಹದ ಗೊಂಚಲು

ಇನ್ನು ವಿಷಯಕ್ಕೆ ಬರೋಣ. ಒಂದು ಮೀಟರನ್ನು ನೂರು ಕೋಟಿ ಸಮಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರು ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪವೇ ಐವತ್ತು ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರಿನಷ್ಟಿರುತ್ತದೆ. ಚಿನ್ನವನ್ನು ಕೆಲವು ನ್ಯಾನೋಮೀಟರಿನಿಂದ ಹತ್ತಿಪ್ಪತ್ತು ನ್ಯಾನೋಮೀಟರಿನ ಕಣಗಳನ್ನಾಗಿ ನೀರಿನಲ್ಲಿ ಹರಡಿದರೆ ಅದರ ಹಳದಿ ಬಣ್ಣ ಹೋಗಿ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ. ಇದನ್ನು 1857ರಲ್ಲಿ ಮೈಕೇಲ್ ಫ್ಯಾರಡೆ ಮಹಾಶಯನು ಲಂಡನ್ನಿನಲ್ಲಿ ವಿವರವಾಗಿ ಅಭ್ಯಸಿಸಿ, ಕೆಂಪಿಗೆ ಕಾರಣ ಚಿನ್ನದ ಅತಿಸೂಕ್ಷ್ಮ ಕಣಗಳೇ ಎಂದು ತಿಳಿಸಿದನು.

ಇನ್ನೂ ಸಣ್ಣದಕ್ಕೆ, ಸುಮಾರು ಒಂದು ನ್ಯಾನೋಮೀಟರಿಗೆ ಇಳಿದರೆ ಕಣವೆಂಬ ಮಾತೇ ಸಲ್ಲುವುದಿಲ್ಲ. ಅಲ್ಲಿರುವುದು ಹತ್ತೋ ಇಪ್ಪತ್ತೈದೋ ನೂರೋ ಪರಮಾಣುಗಳ ಒಂದು ಗೊಂಚಲು. ವಿಜ್ಞಾನಿಗಳು ಇದನ್ನು ಕ್ಲಸ್ಟರ್ ಎನ್ನುತ್ತಾರೆ, ನಾವು ಲೋಹಗುಚ್ಛವೆನ್ನೋಣ. ಗಟ್ಟಿಲೋಹದಲ್ಲಿ ಎಲೆಕ್ಟ್ರಾನುಗಳು ತುಂಬಿದ ಕೆರೆಯ ನೀರಿನಂತೆ ಎಲ್ಲೆಡೆ ಹರಿದಾಡುತ್ತವೆ. ಲೋಹದ ಹೊಳಪಿಗೂ ವಿದ್ಯುದ್ವಾಹಕತೆಗೂ ಇದೇ ಕಾರಣ. ಗುಚ್ಛದಲ್ಲಿ ಹಾಗೆ ಹರಿಯಲು ತಾವಿಲ್ಲ. ಅಲ್ಲಿ ಎಲೆಕ್ಟ್ರಾನುಗಳು ಏಣಿಯ ಮೆಟ್ಟಿಲುಗಳಂತೆ ಬಿಡಿಬಿಡಿಯಾದ ಶಕ್ತಿಸ್ಥಾನಗಳಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಗುಚ್ಛವು ಲೋಹದ ಗುಣವನ್ನು ಬಿಟ್ಟು ಅಣುವಿನ ಗುಣವನ್ನು ತಾಳುತ್ತದೆ. ಹಲವು ಗುಚ್ಛಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ಕೆಂಪಗೆ ಬೆಳಗುತ್ತವೆ. ಪರಮಾಣುಗಳ ಸಂಖ್ಯೆ ಬದಲಾದರೆ ಗುಣವೂ ಬದಲಾಗುತ್ತದೆ. ಇಲ್ಲಿ ಸಂಖ್ಯೆಯೇ ಸ್ವಭಾವ.

ಇಂತಹ ಗುಚ್ಛಗಳನ್ನು ಬರಿದೆ ಬಿಟ್ಟರೆ ಅವು ಒಂದಕ್ಕೊಂದು ಅಂಟಿ ಮತ್ತೆ ಗಟ್ಟಿಲೋಹವಾಗುತ್ತವೆ. ಅದನ್ನು ತಡೆಯಲು ಹೊರಗೊಂದು ಕವಚ ಬೇಕು. ಕರಡಿಗೆಯನ್ನು ಕಪ್ಪಾಗಿಸುವ ಗಂಧಕವೇ ಇಲ್ಲಿ ರಕ್ಷಕನಾಗಿ ಬರುತ್ತದೆ. ಚಿನ್ನಕ್ಕೂ ಬೆಳ್ಳಿಗೂ ಗಂಧಕದಲ್ಲಿ ಬಲವಾದ ಒಲವು. ಗಂಧಕವನ್ನು ತಲೆಯಲ್ಲಿ ಧರಿಸಿದ ಸಾವಯವ ಅಣುಗಳು ಗುಚ್ಛದ ಸುತ್ತ ಸಾಲಾಗಿ ನಿಂತು ಅದನ್ನು ಕಾಯುತ್ತವೆ. ಈ ಮಾರ್ಗದಲ್ಲಿ ಚಿನ್ನದ ಕಣಗಳನ್ನು ಸುಲಭವಾಗಿ ತಯಾರಿಸುವ ಕ್ರಮವು 1994ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಅಮೆರಿಕೆಯ ರೋಜರ್ ಕಾರ್ನ್‌ಬರ್ಗ್ ಅವರ ತಂಡವು 2007ರಲ್ಲಿ ನೂರೆರಡು ಚಿನ್ನದ ಪರಮಾಣುಗಳುಳ್ಳ ಗುಚ್ಛದ ಸ್ಫಟಿಕರಚನೆಯನ್ನು ಬಿಡಿಸಿ ತೋರಿಸಿತು. ಇಪ್ಪತ್ತೈದು ಚಿನ್ನದ ಪರಮಾಣುಗಳೂ ಹದಿನೆಂಟು ಕವಚಾಣುಗಳೂ ಕೂಡಿದ ಗುಚ್ಛದ ರಚನೆ 2008ರಲ್ಲಿ ತಿಳಿದುಬಂದಿತು. ಪ್ರದೀಪ್ ಅವರ ತಂಡವು 2010ರಲ್ಲಿ ಏಳು ಹಾಗೂ ಎಂಟು ಬೆಳ್ಳಿ ಪರಮಾಣುಗಳ ಬೆಳಗುವ ಗುಚ್ಛಗಳನ್ನು ತಯಾರಿಸಿತು. ಬೆಳ್ಳಿಯ ಇಂತಹ ಗುಚ್ಛಗಳನ್ನು ಹೊದಿಸಿದ, ಹೂವಿನಾಕಾರದ ಚಿನ್ನದ ಸೂಕ್ಷ್ಮಕಣವೊಂದು ಟಿ.ಎನ್.ಟಿ. ಎಂಬ ಸ್ಫೋಟಕದ ಆರುನೂರಕ್ಕೂ ಕಡಿಮೆ ಅಣುಗಳು ತಾಗಿದರೆ ತನ್ನ ಬೆಳಕಿನ ಬಣ್ಣವನ್ನು ಬದಲಿಸುವುದೆಂದು 2012ರಲ್ಲಿ ತೋರಿಸಿತು.

ಬಣ್ಣ ಬದಲಿಸಿದ ಚಿನ್ನ

ಈ ಸೂಕ್ಷ್ಮಲೋಕದಿಂದ ನೀರಿನ ಕಡೆಗೆ ಅವರ ದೃಷ್ಟಿ ಹೊರಳಿದ್ದು ಇದಕ್ಕೂ ಮುಂಚೆ, 2003ರ ಸುಮಾರಿಗೆ. ಬಾಟಲಿಯ ನೀರಿನಲ್ಲಿಯೂ ತಂಪುಪಾನೀಯಗಳಲ್ಲಿಯೂ ಕೀಟನಾಶಕದ ಅಂಶವಿದೆಯೆಂಬ ವರದಿಗಳು ದೆಹಲಿಯಿಂದ ಪ್ರಕಟವಾಗಿ ದೇಶವೆಲ್ಲ ಕಳವಳಗೊಂಡ ವರ್ಷವದು. ಅದೇ ವರ್ಷ ಪ್ರದೀಪ್ ಅವರೂ ಅವರ ವಿದ್ಯಾರ್ಥಿಗಳೂ ಎರಡು ಸಂಗತಿಗಳನ್ನು ಪ್ರಕಟಿಸಿದರು. ಕಾರ್ಬನ್ ಟೆಟ್ರಾಕ್ಲೋರೈಡಿನಂತಹ ಕ್ಲೋರಿನ್‌ಯುಕ್ತ ಸಂಯುಕ್ತಗಳು ಬೆಳ್ಳಿಯ ನ್ಯಾನೋಕಣಗಳ ಸಂಪರ್ಕಕ್ಕೆ ಬಂದಾಗ, ಕಾಯಿಸುವ ಅಗತ್ಯವಿಲ್ಲದೆ, ಒಡೆದುಹೋಗುತ್ತವೆ. ಕ್ಲೋರಿನ್ ಬೆಳ್ಳಿಯೊಡನೆ ಕೂಡಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ. ಇಂಗಾಲ ಇಂಗಾಲವಾಗಿಯೇ ಉಳಿಯುತ್ತದೆ. ಇದು ಮೊದಲನೆಯದು. ಎಂಡೋಸಲ್ಫಾನ್ ಎಂಬ ಕೀಟನಾಶಕವು ಚಿನ್ನದ ನ್ಯಾನೋಕಣಗಳಿಗೆ ಅಂಟಿಕೊಂಡು ದ್ರಾವಣದ ಬಣ್ಣವನ್ನೇ ಬದಲಿಸುತ್ತದೆ. ಇದು ಎರಡನೆಯದು.

ಗಟ್ಟಿಯಾದ ಬೆಳ್ಳಿಯ ಲೋಟದಲ್ಲಿ ಅದೇ ಸಂಯುಕ್ತವನ್ನು ಸುರಿದರೆ ಹೀಗೆ ಒಡೆಯುವುದಿಲ್ಲ. ವ್ಯತ್ಯಾಸಕ್ಕೆ ಕಾರಣ ಗಾತ್ರವೇ. ಒಂದು ತೊಲ ಬೆಳ್ಳಿಯಲ್ಲಿ ಬಹುಪಾಲು ಪರಮಾಣುಗಳು ಒಳಗೆ ಅಡಗಿರುತ್ತವೆ. ಹೊರಗಿನದನ್ನು ಮುಟ್ಟುವ ಭಾಗ್ಯ ಮೇಲ್ಮೈಯ ಕೆಲವಕ್ಕೆ ಮಾತ್ರ. ಕಣ ಸಣ್ಣದಾದಷ್ಟೂ ಮೇಲ್ಮೈಗೆ ಬರುವ ಪರಮಾಣುಗಳ ಪಾಲು ಹೆಚ್ಚುತ್ತದೆ. ಅವುಗಳ ಚಟುವಟಿಕೆಯೂ ಹೆಚ್ಚುತ್ತದೆ. ಹೊರಗಿನ ದುಃಖ ಮುಟ್ಟದಂತೆ ಒಳಗೆ ಕುಳಿತವನು ಲೋಕಕ್ಕೆ ಉಪಕಾರಿಯಾಗಲಾರನೆಂಬ ಮಾತು ಮನುಷ್ಯನಿಗೆ ಸಲ್ಲುವಂತೆ ಲೋಹಕ್ಕೂ ಸಲ್ಲುತ್ತದೆ.

ಈ ಲೋಹಕಣಗಳನ್ನು ಅಲ್ಯೂಮಿನದಂತಹ ಆಧಾರದ ಮೇಲೆ ನೆಲೆಗೊಳಿಸಿ ಅದರ ಮೂಲಕ ನೀರನ್ನು ಹರಿಸಿದಾಗ ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್ ಮುಂತಾದ ಕೀಟನಾಶಕಗಳೂ ತೆಗೆದುಹೋಗುವುದೆಂದು ತಿಳಿದುಬಂದಿತು. 2007ರಲ್ಲಿ ಈ ತತ್ತ್ವವನ್ನು ಅಳವಡಿಸಿದ ಗೃಹಬಳಕೆಯ ಶುದ್ಧೀಕಾರಕವು ಮಾರುಕಟ್ಟೆಗೆ ಬಂದಿತು. ನಮ್ಮ ದೇಶದ ವಿಶ್ವವಿದ್ಯಾಲಯಗಳ ಬಹುಪಾಲು ಸಂಶೋಧನೆಗಳು ಪ್ರಬಂಧವಾಗಿ ರಟ್ಟು ಕಟ್ಟಿಸಿಕೊಂಡು ಗ್ರಂಥಾಲಯದ ಬೀರುವನ್ನು ಸೇರುವುದನ್ನು ಕಂಡವರಿಗೆ, ನಾಲ್ಕೇ ವರ್ಷಗಳಲ್ಲಿ ಪ್ರಯೋಗಾಲಯದ ಗಾಜಿನ ನಳಿಕೆಯಿಂದ ಅಡುಗೆಮನೆಯ ಕಟ್ಟೆಗೆ ಬಂದ ಈ ಪ್ರಯಾಣದ ಮಹತ್ವ ತಿಳಿದೀತು.

ಎರಡು ಅಕ್ಕಿಕಾಳಿನಷ್ಟು ಬೆಳ್ಳಿ

ಬೆಳ್ಳಿಯ ಪಾತ್ರೆಯಲ್ಲಿಟ್ಟ ನೀರು ಕೆಡುವುದಿಲ್ಲವೆಂದು ಹಿರಿಯರು ಬಲ್ಲರು. ಬೆಳ್ಳಿಯ ಅಯಾನುಗಳು ರೋಗಾಣುಗಳನ್ನು ಕೊಲ್ಲುತ್ತವೆ ಎಂಬುದು ಅದಕ್ಕೆ ವಿಜ್ಞಾನ ನೀಡುವ ಕಾರಣ. ಆದರೆ ನೀರಿನಲ್ಲಿ ಬೆಳ್ಳಿ ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ. ಹೆಚ್ಚಾದರೆ ಕುಡಿಯುವವನ ದೇಹಕ್ಕೆ ಒಳ್ಳೆಯದಲ್ಲ. ಅಲ್ಲದೆ ಸಾಮಾನ್ಯ ನೀರಿನಲ್ಲಿರುವ ಲವಣಗಳು ಬೆಳ್ಳಿಯ ಕಣಗಳ ಮೇಲೆ ಪದರ ಕಟ್ಟಿ ಕೆಲವೇ ದಿನಗಳಲ್ಲಿ ಅವುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಬೇಕಾದಷ್ಟನ್ನೇ, ಬಹುಕಾಲ, ಒಂದೇ ಸಮನೆ ಬಿಡುಗಡೆ ಮಾಡುವುದು ಹೇಗೆ ಎಂಬುದೇ ಸಮಸ್ಯೆಯಾಗಿತ್ತು.

2013ರಲ್ಲಿ ಪ್ರದೀಪ್ ಅವರ ತಂಡವು ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿತು. ಸೀಗಡಿ, ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವನ್ನೂ ಅಲ್ಯೂಮಿನಿಯಮ್ಮಿನ ಸಂಯುಕ್ತವನ್ನೂ ಸಾಧಾರಣ ಉಷ್ಣತೆಯಲ್ಲಿ ನೀರಿನಲ್ಲಿಯೇ ಬೆರೆಸಿ ಮರಳಿನಂತಹ ಗಟ್ಟಿ ಹರಳುಗಳನ್ನು ಮಾಡಿದರು. ಆ ಹರಳಿನ ಒಳಗಿನ ಪಂಜರಗಳಲ್ಲಿ ಬೆಳ್ಳಿಯ ನ್ಯಾನೋಕಣಗಳನ್ನು ನೆಲೆಗೊಳಿಸಿದರು. ಪಂಜರವು ಲವಣಗಳ ಪದರದಿಂದ ಬೆಳ್ಳಿಯನ್ನು ಕಾಪಾಡುತ್ತದೆ. ಅಯಾನುಗಳನ್ನು ಮಾತ್ರ ಹೊರಬಿಡುತ್ತದೆ. ಹೊರಬರುವ ಬೆಳ್ಳಿ ಲೀಟರಿಗೆ ಸುಮಾರು 40 ಮೈಕ್ರೋಗ್ರಾಂ. ಅಂದರೆ ಸಾವಿರ ಲೀಟರಿನ ತೊಟ್ಟಿಯಲ್ಲಿ ಸುಮಾರು ಎರಡು ಅಕ್ಕಿಕಾಳಿನ ತೂಕ! ರೋಗಾಣುವಿಗೆ ಅಷ್ಟು ಸಾಕು, ಮನುಷ್ಯನಿಗೆ ಅಪಾಯವಿಲ್ಲ. ವಿದ್ಯುತ್ತು ಬೇಡದ ಇಂತಹ ಶುದ್ಧೀಕಾರಕವು ಒಂದು ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಡಾಲರಿನಷ್ಟು ವೆಚ್ಚದಲ್ಲಿ ಸಾಧ್ಯವೆಂದು ಅವರು ಲೆಕ್ಕ ಹಾಕಿದರು.

ಇದನ್ನು ಓದುವಾಗ ಶರಣ ಆಯ್ದಕ್ಕಿ ಮಾರಯ್ಯನವರ ಕಥೆ ನೆನಪಾಗದಿರದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಕಾಳುಕಾಳಾಗಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಅಗತ್ಯಕ್ಕಿಂತ ಹೆಚ್ಚಾದುದು ನಮಗೆ ಬೇಡವೆಂದು ಸತಿ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಕೊರತೆಯಂತೆ ಅತಿಯೂ ದೋಷವೇ ಎಂಬ ಆ ತಾಯಿಯ ಎಚ್ಚರವನ್ನು ನಾವು ನೀತಿಯ ಮಾತಾಗಿ ಮಾತ್ರ ಕೇಳಿದ್ದೇವೆ. ಔಷಧಕ್ಕೂ ವಿಷಕ್ಕೂ ನಡುವಣ ಗೆರೆಯನ್ನು ಎಳೆಯುವ ವಿಜ್ಞಾನಿಗೂ ಅದೇ ಎಚ್ಚರ ಬೇಕು.

ಕಣ್ಣಿಗೆ ಕಾಣದ ನಂಜು

ಈಗ ಎಲ್ಲಕ್ಕಿಂತ ಕಠಿಣವಾದ ಸಮಸ್ಯೆಗೆ ಬರೋಣ. ವೈದ್ಯಗ್ರಂಥಗಳಲ್ಲಿ ಶಂಖಪಾಷಾಣ, ಹರಿತಾಳ, ಮನಶ್ಶಿಲೆ ಎಂಬ ಹೆಸರುಗಳನ್ನು ಓದಿದವರಿದ್ದಾರೆ. ಇವೆಲ್ಲ ಆರ್ಸೆನಿಕ್ ಎಂಬ ಧಾತುವಿನ ರೂಪಗಳು. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳು ಹಿಮಾಲಯದಿಂದ ತಂದು ಹರಡಿದ ಮೆಕ್ಕಲುಮಣ್ಣಿನಲ್ಲಿ ಇದು ಸಹಜವಾಗಿಯೇ ಸೇರಿಕೊಂಡಿದೆ. ಕೆರೆಕುಂಟೆಗಳ ಕಲುಷಿತ ನೀರಿನಿಂದ ವಾಂತಿಭೇದಿ ಹರಡುವುದನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದ ಬಂಗಾಳದ ಹಳ್ಳಿಗಳಲ್ಲಿ ಕೊಳವೆ ಬಾವಿಗಳನ್ನು ತೋಡಿದರು. ನೀರು ತಿಳಿಯಾಗಿತ್ತು, ರುಚಿಯಾಗಿತ್ತು. ಆದರೆ ಅದರಲ್ಲಿ ಆರ್ಸೆನಿಕ್ ಇತ್ತು. 1980ರ ದಶಕದ ಆರಂಭದಲ್ಲಿ ಕಲ್ಕತ್ತೆಯ ವೈದ್ಯರು ಹಳ್ಳಿಗಳಿಂದ ಬಂದ ರೋಗಿಗಳ ಅಂಗೈ ಅಂಗಾಲುಗಳು ಒರಟಾಗಿ ಗಂಟುಕಟ್ಟಿರುವುದನ್ನೂ ಚರ್ಮದಲ್ಲಿ ಕಪ್ಪು ಚುಕ್ಕೆಗಳು ಹರಡಿರುವುದನ್ನೂ ಕಂಡು ಕಾರಣವನ್ನು ಗುರುತಿಸಿದರು. ವರ್ಷಗಟ್ಟಲೆ ಅದೇ ನೀರನ್ನು ಕುಡಿದವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಅರ್ಬುದರೋಗವೂ ಬರುತ್ತದೆ. ಬಾವಿ ತೋಡಿಸಿದವರು ಕೆಟ್ಟವರಲ್ಲ. ಅಳೆಯದೆ ಮಾಡಿದ ಉಪಕಾರವು ಹೀಗೂ ಪರಿಣಮಿಸಬಹುದೆಂಬುದಕ್ಕೆ ಇದು ದುಃಖಕರ ಸಾಕ್ಷಿ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು 1993ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸಾವಿರ ಲೀಟರಿನ ತೊಟ್ಟಿಗೆ ಅರ್ಧ ಅಕ್ಕಿಕಾಳಿನ ತೂಕ! ಇಷ್ಟು ಅಲ್ಪವಾದುದನ್ನು ನೀರಿನಿಂದ ಹೆಕ್ಕಿ ತೆಗೆಯುವುದು ಹೇಗೆ? ಕಬ್ಬಿಣದ ತುಕ್ಕಿನ ಜಾತಿಯ ಸಂಯುಕ್ತಗಳು ಆರ್ಸೆನಿಕ್ಕನ್ನು ಹಿಡಿದಿಡುತ್ತವೆ ಎಂಬುದು ಬಹುಕಾಲದಿಂದ ತಿಳಿದ ವಿಷಯ. ಅವುಗಳಲ್ಲಿ ಫೆರಿಹೈಡ್ರೈಟ್ ಎಂಬ ಒಂದು ರೂಪ ಬಹಳ ಸಮರ್ಥವಾದುದು. ಆದರೆ ಅದು ಚಂಚಲ. ಕೆಲವು ಕಾಲದಲ್ಲಿ ತಾನಾಗಿಯೇ ಬೇರೊಂದು ಸ್ಥಿರವಾದ ರೂಪಕ್ಕೆ ತಿರುಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪ್ರದೀಪ್ ಅವರ ತಂಡವು ಈ ಚಂಚಲ ವಸ್ತುವನ್ನು ಕೆಲವೇ ನ್ಯಾನೋಮೀಟರಿನ ಕಣಗಳಾಗಿ ಕೈಟೋಸಾನಿನ ಪಂಜರದಲ್ಲಿ ಕೂಡಿಹಾಕಿತು. ಪಂಜರದ ಇಕ್ಕಟ್ಟಿನಲ್ಲಿ ಅದಕ್ಕೆ ರೂಪ ಬದಲಿಸಲು ಅವಕಾಶವಿಲ್ಲ. ಆರ್ಸೆನಿಕ್ಕನ್ನು ಹಿಡಿಯುವ ಗುಣವೊಂದೇ ಉಳಿಯುತ್ತದೆ. 2017ರಲ್ಲಿ ಪ್ರಕಟವಾದ ಈ ಕಾರ್ಯವು ‘ಅಮೃತ್’ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿದೆ. ಇದಕ್ಕೂ ವಿದ್ಯುತ್ತು ಅನಿವಾರ್ಯವಲ್ಲ. ಪಶ್ಚಿಮ ಬಂಗಾಳವೇ ಮೊದಲಾದ ಕಡೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರು ಈ ತಂತ್ರದಿಂದ ಶುದ್ಧವಾದ ನೀರನ್ನು ಪಡೆದಿದ್ದಾರೆ. ಅವರ ವಿದ್ಯಾರ್ಥಿಗಳಲ್ಲಿ ಕೆಲವರು ದೊಡ್ಡ ಸಂಬಳದ ನೌಕರಿಗಳ ದಾರಿ ಹಿಡಿಯದೆ ಇಂತಹ ಶುದ್ಧೀಕಾರಕಗಳನ್ನೇ ತಯಾರಿಸುವ ಉದ್ಯಮಕ್ಕೆ ಕೈಹಾಕಿದರು.

ಆರ್ಸೆನಿಕ್ ದೂರದ ಬಂಗಾಳದ ಕಷ್ಟವೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಚಿನ್ನದ ಅದಿರಿನ ಪಟ್ಟಿ ಹಾದುಹೋಗುವ ಕೆಲವು ಹಳ್ಳಿ ತಾಂಡಾಗಳ ಅಂತರ್ಜಲದಲ್ಲಿಯೂ ಇದು ಕಂಡುಬಂದಿದೆ. ಚಿನ್ನವಿರುವ ಶಿಲೆಯಲ್ಲಿಯೇ ಆರ್ಸೆನಿಕ್ ಉಳ್ಳ ಖನಿಜವೂ ಇರುತ್ತದೆ. ಕೊರಳಿನ ಸರವಾಗುವ ಲೋಹವೂ ಕೊರಳಿಗೆ ಉರುಳಾಗುವ ನಂಜೂ ಒಂದೇ ಬಂಡೆಯ ಮಕ್ಕಳು. ಇದಲ್ಲದೆ ನಮ್ಮ ಅನೇಕ ಜಿಲ್ಲೆಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದಿದ ಮಕ್ಕಳನ್ನೂ ಮೂಳೆ ಬಾಗಿದ ಹಿರಿಯರನ್ನೂ ನಾವು ಕಂಡಿದ್ದೇವೆ.

ಬೆಳ್ಳಿ ಬೆಳ್ಳಿಯೊಡನೆ

ನೀರಿನ ಕಾರ್ಯದಲ್ಲಿ ಇಷ್ಟು ತೊಡಗಿದವರು ಮೂಲವಿಜ್ಞಾನವನ್ನು ಬಿಟ್ಟಿರಬೇಕೆಂದು ಓದುಗರು ಊಹಿಸಬಹುದು. ಹಾಗಾಗಲಿಲ್ಲ. 2016ರಲ್ಲಿ ಅವರ ತಂಡವು ವಿಸ್ಮಯಕರವಾದ ಸಂಗತಿಯೊಂದನ್ನು ವರದಿ ಮಾಡಿತು. ಇಪ್ಪತ್ತೈದು ಚಿನ್ನದ ಪರಮಾಣುಗಳ ಗುಚ್ಛಗಳನ್ನೂ ಇಪ್ಪತ್ತೈದು ಬೆಳ್ಳಿಯ ಪರಮಾಣುಗಳ ಗುಚ್ಛಗಳನ್ನೂ ಒಂದೇ ದ್ರಾವಣದಲ್ಲಿ ಸೇರಿಸಿದಾಗ ಅವು ತಮ್ಮ ಪರಮಾಣುಗಳನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳತೊಡಗಿದವು. ಚಿನ್ನದ ಗುಚ್ಛದೊಳಗೆ ಬೆಳ್ಳಿ ಬಂದಿತು. ಬೆಳ್ಳಿಯದರೊಳಗೆ ಚಿನ್ನ ಹೋಯಿತು. ಆದರೂ ಇಪ್ಪತ್ತೈದೆಂಬ ಲೆಕ್ಕ ಕೆಡಲಿಲ್ಲ, ರಚನೆಯೂ ಕೆಡಲಿಲ್ಲ.

ಚಿನ್ನ ಬೆಳ್ಳಿಗಳು ಬೇರೆ ಬೇರೆ ಧಾತುಗಳಾದ್ದರಿಂದ ಹೀಗಾಯಿತೆ? ಬೆಳ್ಳಿ ಬೆಳ್ಳಿಯೊಡನೆ ಸೇರಿದರೆ ಏನಾಗುವುದು? ಇದನ್ನು ತಿಳಿಯುವ ಬಗೆ ಹೇಗೆ? ಒಂದೇ ಬಗೆಯ ಎರಡು ರಾಶಿ ಜೋಳವನ್ನು ಬೆರೆಸಿದ ಮೇಲೆ ಯಾವ ಕಾಳು ಯಾವ ರಾಶಿಯದೆಂದು ಹೇಳುವವರಾರು? ಇಲ್ಲಿ ಪ್ರಕೃತಿಯೇ ನೆರವಾಯಿತು. ಬೆಳ್ಳಿಯಲ್ಲಿ 107 ಮತ್ತು 109 ಎಂಬ ಎರಡು ತೂಕದ ಪರಮಾಣುಗಳಿವೆ. ರಾಸಾಯನಿಕ ಗುಣದಲ್ಲಿ ಅವಕ್ಕೆ ಭೇದವಿಲ್ಲವೆನ್ನಬಹುದು. 107ರವುಗಳಿಂದಲೇ ಮಾಡಿದ ಗುಚ್ಛಗಳನ್ನೂ 109ರವುಗಳಿಂದಲೇ ಮಾಡಿದ ಗುಚ್ಛಗಳನ್ನೂ ಬೆರೆಸಿ ಆ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ಗುಚ್ಛಗಳು ತಮ್ಮ ಪರಮಾಣುಗಳನ್ನು ಶೀಘ್ರವಾಗಿ ಹಂಚಿಕೊಂಡಿದ್ದವು. ಸಾಧಾರಣ ನೀರಿಗೆ ಭಾರಜಲವನ್ನು ಬೆರೆಸಿದರೆ ಎರಡರ ಹೈಡ್ರೋಜನ್ನುಗಳು ಅದಲುಬದಲಾಗುತ್ತವೆಯಲ್ಲವೆ? ಲೋಹದ ತುಣುಕೂ ಹಾಗೆಯೇ ವರ್ತಿಸಿತು. 2019ರಲ್ಲಿ ಪ್ರಕಟವಾದ ಈ ಪ್ರಯೋಗವು ನಾವು ಅಚಲವೆಂದು ತಿಳಿದ ಲೋಹವು ಸೂಕ್ಷ್ಮರೂಪದಲ್ಲಿ ಎಷ್ಟು ಜಂಗಮವೆಂಬುದನ್ನು ತೋರಿಸಿಕೊಟ್ಟಿತು. ತೂಕ ನೋಡದಿದ್ದರೆ ಅಲ್ಲಿ ಏನೂ ನಡೆಯಲಿಲ್ಲವೆಂದೇ ನಾವು ಹೇಳುತ್ತಿದ್ದೆವು.

ಅದಾದ ಬಳಿಕವೂ ಈ ಶೋಧ ನಿಂತಿಲ್ಲ. ವಿದ್ಯುದಂಶವುಳ್ಳ ನೀರಿನ ಅತಿಸಣ್ಣ ಹನಿಗಳಲ್ಲಿ ಬೆಣಚುಕಲ್ಲಿನಂತಹ ಗಟ್ಟಿ ಖನಿಜದ ಸೂಕ್ಷ್ಮಕಣಗಳೂ ಕ್ಷಣಮಾತ್ರದಲ್ಲಿ ಒಡೆದು ನ್ಯಾನೋಕಣಗಳಾಗುವುದನ್ನು 2024ರಲ್ಲಿ ಅವರ ತಂಡವು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿತು. ಕಲ್ಲು ಮಣ್ಣಾಗುವ ಬಗೆಯನ್ನು ಕುರಿತು ಇದು ಹೊಸ ವಿಚಾರವನ್ನು ಹುಟ್ಟಿಸಿದೆ.

ಅರಿವು ಮನೆಗೆ ಬರಲಿ

ಪ್ರದೀಪ್ ಅವರಿಗೆ 2008ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯೂ 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ 2022ರಲ್ಲಿ ವಿಯೆಟ್ನಾಮಿನ ವಿನ್‌ಫ್ಯೂಚರ್ ವಿಶೇಷ ಪ್ರಶಸ್ತಿಯೂ ಲಭಿಸಿವೆ. ನಮಗೆ ಇವುಗಳಷ್ಟೇ ಮುಖ್ಯವಾಗಿ ತೋರುವುದು ಇನ್ನೊಂದು ಗೌರವ. ಪುಟ್ಟ ಕಣಗಳಿಗೆ ವಸಂತ ಬಂದಿದೆಯೆಂಬ ಅರ್ಥದ ಶೀರ್ಷಿಕೆಯಲ್ಲಿ ನ್ಯಾನೋವಿಜ್ಞಾನವನ್ನು ಪರಿಚಯಿಸುವ ಪುಸ್ತಕವೊಂದನ್ನು ಅವರು ಮಲಯಾಳದಲ್ಲಿ ಬರೆದಿದ್ದಾರೆ. ಅದಕ್ಕೆ ಕೇರಳ ಸಾಹಿತ್ಯ ಅಕಾಡೆಮಿಯ 2010ರ ಪ್ರಶಸ್ತಿ ಸಂದಿತು. ತಾಯಿನುಡಿಯಲ್ಲಿ ಹೇಳಲಾಗದಷ್ಟು ಕಠಿಣವಾದ ವಿದ್ಯೆಯಿಲ್ಲವೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಂಡುಕೊಂಡ ಪರಂಪರೆ ನಮ್ಮದು. ನಮ್ಮ ಯುವ ವಿಜ್ಞಾನಿಗಳೂ ಕನ್ನಡದಲ್ಲಿ ಹೀಗೆ ಬರೆಯುವಂತಾಗಬೇಕು.

ಒಂದು ಮಾತನ್ನು ಇಲ್ಲಿ ಮರೆಯಬಾರದು. ಯಾವ ಶುದ್ಧೀಕಾರಕವೂ ಶಾಶ್ವತವಲ್ಲ. ಹರಳುಗಳು ತುಂಬಿದ ಮೇಲೆ ಬದಲಿಸಲೇಬೇಕು. ಹಿಡಿದಿಟ್ಟ ನಂಜು ಮತ್ತೆ ಮಣ್ಣಿಗೆ ಸೇರದಂತೆ ವಿಲೇವಾರಿ ಮಾಡಬೇಕು. ಶುದ್ಧವಾಗಿ ಬಂದ ನೀರನ್ನು ಆಗಾಗ ಪರೀಕ್ಷಿಸಬೇಕು. ಊರಿಗೆ ಯಂತ್ರ ಬಂದು, ನೋಡಿಕೊಳ್ಳುವವರಿಲ್ಲದೆ ತುಕ್ಕು ಹಿಡಿದು ನಿಂತುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ವಿಜ್ಞಾನಿ ತನ್ನ ಕಾಯಕವನ್ನು ಮಾಡಿದ ಮೇಲೆ ಉಳಿದ ಭಾಗ ಊರಿನವರದು.

ಆದ್ದರಿಂದ ಓದುಗ ಬಂಧುಗಳಲ್ಲಿ, ವಿಶೇಷವಾಗಿ ಮನೆಯ ತಾಯಂದಿರಲ್ಲಿ, ಒಂದು ವಿನಂತಿ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಅದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಕುದಿಸುವುದರಿಂದ ಆರ್ಸೆನಿಕ್ ಆಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅವುಗಳ ಪ್ರಮಾಣ ಹೆಚ್ಚುತ್ತದೆ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ಸಿಹಿಯಾದ ನೀರೆಲ್ಲ ಅಮೃತವಲ್ಲ. ಮನೆಯ ಕೊಳವೆ ಬಾವಿಯ ನೀರನ್ನು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಗೃಹಪ್ರವೇಶಕ್ಕೆ ಮಾಡುವ ವೆಚ್ಚದಲ್ಲಿ ಅದು ಅತ್ಯಲ್ಪ. ಜಾತ್ರೆಗಳಲ್ಲಿ ಸಾವಿರಾರು ಭಕ್ತರಿಗೆ ದಾಸೋಹ ನಡೆಸುವ ನಮ್ಮ ಮಠಗಳೂ ಅನ್ನದಷ್ಟೇ ಎಚ್ಚರವನ್ನು ನೀರಿನಲ್ಲಿ ವಹಿಸಿದರೆ ಅದು ನಾಡಿಗೆ ಮೇಲ್ಪಂಕ್ತಿಯಾದೀತು. ಬಡಿಸುವ ಪ್ರಸಾದದೊಡನೆ ಕೊಡುವ ನೀರೂ ಪ್ರಸಾದವೇ ಅಲ್ಲವೆ?

ಮುಂದಿನ ಹಬ್ಬಕ್ಕೆ ಕರಡಿಗೆಯನ್ನು ಉಜ್ಜುವಾಗ ಬಟ್ಟೆಗೆ ಹತ್ತಿದ ಕಪ್ಪನ್ನು ಮನೆಯ ಮಕ್ಕಳಿಗೆ ತೋರಿಸಿರಿ. ಅದರಲ್ಲಿ ಎಣಿಕೆಗೆ ಸಿಗದಷ್ಟು ಬೆಳ್ಳಿಯ ಪರಮಾಣುಗಳಿವೆಯೆಂದೂ, ಅವುಗಳಲ್ಲಿ ಇಪ್ಪತ್ತೈದನ್ನು ಎಣಿಸಲು ಕಲಿತವರೊಬ್ಬರು ಆ ಕಲಿಕೆಯನ್ನು ಬಾಯಾರಿದವರ ಬಟ್ಟಲಿನವರೆಗೆ ಒಯ್ದರೆಂದೂ ಹೇಳಿರಿ. ಬರಿಗಾಲಿನಲ್ಲಿ ಶಾಲೆಗೆ ಹೋಗುವ ಮಗುವೊಂದು ನಮ್ಮ ಊರಿನಲ್ಲಿಯೂ ಇದ್ದೀತು, ಅದು ಕೇಳಿಸಿಕೊಂಡೀತು.